ಬ್ರಿಟನ್ನಿನಲ್ಲಿ ಮೋಸ, ಅಮೆರಿಕದಲ್ಲಿ ಆಟ

2000ನೇ ಇಸವಿಯ ಆಗಸ್ಟ್ ತಿಂಗಳು. ಸ್ಪರ್ಧಿಗಳನ್ನು ಒಂದೇ ಮನೆಯಲ್ಲಿಟ್ಟು ಕ್ಯಾಮೆರಾದಲ್ಲಿ ತೋರಿಸುವ ‘ಬಿಗ್ ಬ್ರದರ್’ ಶೋನ ಪೂರ್ವ ಲಂಡನ್ನಿನ ಮನೆಯಲ್ಲಿ ನಿಕ್ ಬೇಟ್‌ಮನ್ ಎಂಬ ಸ್ಪರ್ಧಿ ಸಿಕ್ಕಿಬಿದ್ದರು. ಯಾರನ್ನು ನಾಮಿನೇಟ್ ಮಾಡಬೇಕು, ಅಂದರೆ ಹೊರಗೆ ಕಳಿಸಲು ಹೆಸರಿಸಬೇಕು ಎಂದು ಚೀಟಿಯಲ್ಲಿ ಹೆಸರು ಬರೆದು ಉಳಿದವರಿಗೆ ಗುಟ್ಟಾಗಿ ತೋರಿಸುತ್ತಿದ್ದರು. ಅದು ನಿಯಮಕ್ಕೆ ವಿರುದ್ಧ. ಕ್ರೇಗ್ ಫಿಲಿಪ್ಸ್ ಎಂಬ ಸಹಸ್ಪರ್ಧಿ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಎದುರಿಗೇ ಕೇಳಿಬಿಟ್ಟರು. ಬೇಟ್‌ಮನ್‌ರನ್ನು ಮನೆಯಿಂದ ಹೊರಗೆ ಹಾಕಲಾಯಿತು. ಪತ್ರಿಕೆಗಳು ಅವರಿಗೆ ‘ನ್ಯಾಸ್ಟಿ ನಿಕ್’ ಎಂದು ಹೆಸರಿಟ್ಟವು.

ಒಂದು ವಾರ ಕಳೆಯುವುದರೊಳಗೆ, ಆಗಸ್ಟ್ 23ರಂದು, ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ಸರ್ವೈವರ್’ ಫೈನಲ್. ದ್ವೀಪವೊಂದರಲ್ಲಿ ಸ್ಪರ್ಧಿಗಳೇ ವೋಟು ಹಾಕಿ ಒಬ್ಬೊಬ್ಬರನ್ನು ಹೊರಗೆ ಕಳಿಸುವ ಶೋ ಅದು. ರಿಚರ್ಡ್ ಹ್ಯಾಚ್ ಎಂಬ ಸ್ಪರ್ಧಿ ಮೊದಲಿನಿಂದಲೂ ಗುಂಪು ಕಟ್ಟಿಕೊಂಡು, ಒಬ್ಬೊಬ್ಬರನ್ನೇ ಲೆಕ್ಕ ಹಾಕಿ ಹೊರಗೆ ಕಳಿಸಿದ್ದರು. ಅದನ್ನು ಮುಚ್ಚಿಟ್ಟಿರಲೂ ಇಲ್ಲ. ಅವರಿಗೆ 10 ಲಕ್ಷ ಡಾಲರ್ ಬಹುಮಾನ ಬಂತು. ನೋಡಿದವರು 5 ಕೋಟಿಗೂ ಜಾಸ್ತಿ.

ಇಬ್ಬರೂ ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ, ಅಲ್ವಾ? ಒಬ್ಬರು ಖಳನಾಯಕರಾದರು, ಇನ್ನೊಬ್ಬರು ಗೆದ್ದರು. ಎರಡು ದೇಶಗಳ ರಿಯಾಲಿಟಿ ಶೋಗಳ ನಡುವಿನ ವ್ಯತ್ಯಾಸ ನನಗೆ ಇಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಶುರುವಿನಲ್ಲಿ ಇಷ್ಟು ದೂರ ಇರಲಿಲ್ಲ. 1971ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಲೌಡ್ ಎಂಬ ಅನುಕೂಲಸ್ಥ ಕುಟುಂಬದ ಮನೆಗೆ ಕ್ಯಾಮೆರಾ ಹೋಯಿತು. ತಿಂಗಳುಗಟ್ಟಲೆ ಅಲ್ಲೇ ಇತ್ತು. 300 ಗಂಟೆಗಳ ಚಿತ್ರೀಕರಣ 12 ಕಂತುಗಳಾಗಿ 1973ರಲ್ಲಿ ಪ್ರಸಾರವಾಯಿತು. ಹೆಂಡತಿ ಗಂಡನಿಗೆ ವಿಚ್ಛೇದನದ ಮಾತು ಹೇಳಿದ್ದನ್ನೂ ದೇಶ ನೋಡಿತು. ಇದನ್ನು ತೋರಿಸಿದ್ದು ಪಿಬಿಎಸ್, ಅಂದರೆ ಜಾಹೀರಾತನ್ನು ನಂಬಿ ಬದುಕದ ಸಾರ್ವಜನಿಕ ವಾಹಿನಿ. ಮರುವರ್ಷವೇ ಬಿಬಿಸಿ ಇದೇ ದಾರಿ ಹಿಡಿದು ರೆಡಿಂಗ್ ಊರಿನ ಒಂದು ಕೆಲಸಗಾರ ಕುಟುಂಬವನ್ನು ತೋರಿಸಿತು. ಅಮೆರಿಕ ನೋಡಿದ್ದು ಈಜುಕೊಳವಿದ್ದ ಮನೆ, ಬ್ರಿಟನ್ ನೋಡಿದ್ದು ಇಕ್ಕಟ್ಟಾದ ಮನೆ. ಯಾರು ಯಾವ ವರ್ಗದವರು ಎಂಬ ಕುತೂಹಲ ಬ್ರಿಟಿಷ್ ಟಿವಿಯನ್ನು ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ದಾರಿ ಕವಲೊಡೆಯಿತು. ದೊಡ್ಡ ಕಾರಣ ದುಡ್ಡು. ಬಿಬಿಸಿ ನಡೆಯುವುದು ಮುಖ್ಯವಾಗಿ ಮನೆಮನೆಯ ಲೈಸೆನ್ಸ್ ಶುಲ್ಕದಿಂದ. ಚಾನೆಲ್ 4 ಜಾಹೀರಾತು ಹಾಕಿದರೂ ಅದು ಸಾರ್ವಜನಿಕ ಒಡೆತನದ ವಾಹಿನಿ. ಅಮೆರಿಕದ ದೊಡ್ಡ ವಾಹಿನಿಗಳಿಗೆ ಜಾಹೀರಾತೇ ಅನ್ನ. ಅಲ್ಲಿ ಒಂದು ಗಂಟೆಯ ಕಾರ್ಯಕ್ರಮ ಎಂದರೆ ನಿಜಕ್ಕೂ ಸುಮಾರು 42 ನಿಮಿಷ. ಬ್ರೇಕ್ ಬಂದಾಗಲೆಲ್ಲ ನೋಡುಗ ರಿಮೋಟ್ ಒತ್ತಬಾರದು. ಅದಕ್ಕೇ ಬ್ರೇಕಿಗೆ ಮುಂಚೆ ಒಂದು ಜಗಳ, ಬ್ರೇಕ್ ಮುಗಿದ ಮೇಲೆ ಅದೇ ಜಗಳ ಮತ್ತೊಮ್ಮೆ.

ಬ್ರಿಟಿಷ್ ಬಾಣಸಿಗ ಗಾರ್ಡನ್ ರಾಮ್ಸೆ ಸೋಲುತ್ತಿರುವ ಹೋಟೆಲುಗಳನ್ನು ಸರಿಮಾಡುವ ಕಾರ್ಯಕ್ರಮವನ್ನು ಎರಡೂ ಕಡೆ ನೋಡಿದರೆ ಇದು ಗೊತ್ತಾಗುತ್ತದೆ. 2004ರ ಬ್ರಿಟಿಷ್ ಶೋನಲ್ಲಿ ಅವರೇ ಕಥೆ ಹೇಳುತ್ತಾರೆ, ಅಡುಗೆಮನೆಯಲ್ಲಿ ನಿಂತು ಕಲಿಸುತ್ತಾರೆ. 2007ರಲ್ಲಿ ಫಾಕ್ಸ್ ವಾಹಿನಿಗೆ ಹೋದಾಗ ಧಡ್ ಎನ್ನುವ ಸಂಗೀತ ಬಂತು, ರಾತ್ರೋರಾತ್ರಿ ಹೋಟೆಲಿಗೆ ಹೊಸ ಬಣ್ಣ ಬಂತು. ಮನುಷ್ಯ ಅದೇ, ಕೋಪವೂ ಅದೇ. ಆದರೆ ನನಗೆ ಅಡುಗೆಯ ಬಗ್ಗೆ ಏನಾದರೂ ತಿಳಿದದ್ದು ಮೊದಲನೆಯದರಿಂದ.

‘ಬಿಗ್ ಬ್ರದರ್’ ಹುಟ್ಟಿದ್ದು 1999ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. 2000ದ ಜುಲೈನಲ್ಲಿ ಬ್ರಿಟನ್, ಅಮೆರಿಕ ಎರಡೂ ಅದನ್ನು ತಂದವು. ಮೊದಲ ವರ್ಷ ಎರಡೂ ಕಡೆ ಮನೆಯವರು ನಾಮಿನೇಟ್ ಮಾಡುತ್ತಿದ್ದರು, ಜನ ವೋಟು ಹಾಕಿ ಹೊರಗೆ ಕಳಿಸುತ್ತಿದ್ದರು. ಬ್ರಿಟನ್ನಿನಲ್ಲಿ ಕ್ರೇಗ್ ಗೆದ್ದು, 70,000 ಪೌಂಡ್ ಬಹುಮಾನವನ್ನು ಗೆಳತಿಯೊಬ್ಬಳ ಶಸ್ತ್ರಚಿಕಿತ್ಸೆಗೆ ಕೊಟ್ಟರು. ಅಮೆರಿಕದಲ್ಲಿ ಇದು ಸಪ್ಪೆಯಾಯಿತು. ಗಲಾಟೆ ಮಾಡುವವರನ್ನೇ ಜನ ಮೊದಲು ಕಳಿಸಿಬಿಟ್ಟರು. 2001ರಲ್ಲಿ ಸಿಬಿಎಸ್ ನಿಯಮವನ್ನೇ ಬದಲಿಸಿತು. ವೋಟು ಜನರ ಕೈಯಿಂದ ಸ್ಪರ್ಧಿಗಳ ಕೈಗೆ ಹೋಯಿತು. ಆ ವರ್ಷ ಗೆದ್ದ ವಿಲ್ ಕರ್ಬಿ, ನಾನು ಸುಳ್ಳು ಹೇಳುತ್ತೇನೆ ಎಂದು ಮನೆಯವರ ಮುಂದೆಯೇ ಒಪ್ಪಿಕೊಂಡಿದ್ದವರು.

ಇದು ಸಣ್ಣ ಬದಲಾವಣೆ ಅಲ್ಲ. ಜನ ವೋಟು ಹಾಕುವಾಗ ಸ್ಪರ್ಧಿ ಒಳ್ಳೆಯವನಾಗಿ ಕಾಣಬೇಕು. ಸ್ಪರ್ಧಿಗಳೇ ವೋಟು ಹಾಕುವಾಗ ಚತುರನಾಗಿದ್ದರೆ ಸಾಕು. ‘ಸರ್ವೈವರ್’ನ ಮೂಲ ಕಲ್ಪನೆ ಬ್ರಿಟಿಷರಾದ ಚಾರ್ಲಿ ಪಾರ್ಸನ್ಸ್ ಅವರದು. ಆದರೂ 2001ರಲ್ಲಿ ಅದು ಬ್ರಿಟನ್ನಿಗೆ ಬಂದಾಗ ಎರಡೇ ಸರಣಿಗೆ ನಿಂತುಹೋಯಿತು. ಅಮೆರಿಕದವರು ಬ್ರಿಟನ್ನಿನ ಬೇಕಿಂಗ್ ಸ್ಪರ್ಧೆಯನ್ನು 2013ರಲ್ಲಿ ತಂದಾಗ ಆದದ್ದು ಇದರ ತಿರುವುಮುರುವು. ಬ್ರಿಟನ್ನಿನಲ್ಲಿ ಗೆದ್ದವರಿಗೆ ಒಂದು ಕೇಕ್ ಸ್ಟ್ಯಾಂಡ್, ಹೂಗುಚ್ಛ ಅಷ್ಟೇ. ಅಮೆರಿಕದಲ್ಲಿ 2.5 ಲಕ್ಷ ಡಾಲರ್ ಇಟ್ಟರು. ಒಂದೇ ಸೀಸನ್‌ಗೆ ಮುಗಿಯಿತು.

ಹಾಗೆಂದು ಬ್ರಿಟನ್ನಿನದು ಸಭ್ಯ, ಅಮೆರಿಕದ್ದು ಒರಟು ಎಂದು ಸುಮ್ನೆ ಹೇಳಿಬಿಡಲು ನನಗೆ ಮನಸ್ಸು ಬರುವುದಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ನಟಿ ಶಿಲ್ಪಾ ಶೆಟ್ಟಿ 2007ರ ಜನವರಿಯಲ್ಲಿ ‘ಸೆಲೆಬ್ರಿಟಿ ಬಿಗ್ ಬ್ರದರ್’ ಮನೆಯಲ್ಲಿ ಜನಾಂಗೀಯ ನಿಂದನೆ ಅನುಭವಿಸಿದ್ದು ಬ್ರಿಟನ್ನಿನಲ್ಲೇ. ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ 40,000ಕ್ಕೂ ಹೆಚ್ಚು ದೂರು ಹೋದವು. ಕೊನೆಗೆ ಜನರ ವೋಟೇ ಶಿಲ್ಪಾರನ್ನು ಗೆಲ್ಲಿಸಿತು. ವಾಹಿನಿಯ ತಪ್ಪನ್ನು ಅದು ಅಳಿಸುವುದಿಲ್ಲ. ಆದರೆ ವೋಟು ನೋಡುಗರ ಕೈಯಲ್ಲಿ ಇಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

2013ರಲ್ಲಿ ಶುರುವಾದ ನಮ್ಮ ‘ಬಿಗ್ ಬಾಸ್ ಕನ್ನಡ’ ಹಿಡಿದದ್ದೂ ಆ ದಾರಿಯನ್ನೇ. ನಾಮಿನೇಷನ್ ಮನೆಯವರದು, ವೋಟು ಜನರದು. ಜೊತೆಗೆ ಎರಡೂ ಕಡೆ ಇಲ್ಲದ ಒಂದು ಸಂಗತಿ ಇಲ್ಲಿದೆ. ವಾರದ ಕೊನೆಗೆ ಸುದೀಪ್ ಬಂದು ಯಾರು ಏನು ಮಾಡಿದರು ಎಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಾರೆ. ಊರ ಹಿರಿಯರು ಪಂಚಾಯ್ತಿ ಕಟ್ಟೆಯಲ್ಲಿ ಕೇಳಿದ ಹಾಗೆ. ಲಂಡನ್ನಿನ ಆ ಮನೆಯಲ್ಲಿ ಅದೇ ಕೆಲಸವನ್ನು, ಯಾರೂ ಹೇಳದೆಯೇ, ಮೇಜಿನ ಮುಂದೆ ಕೂತು ಕ್ರೇಗ್ ಮಾಡಿದ್ದರು.