ಕೋಆರ್ಡಿನೇಟೆಡ್ ಫ್ಲೈಟ್: ಕಸರತ್ತಿನ ಹಾರಾಟದಲ್ಲಿ ರಡರ್

ವಿಮಾನ ಸಾಗುತ್ತಿರುವ ದಿಕ್ಕಿಗೇ ಅದರ ಮೂತಿಯೂ ಇದ್ದು, ಗಾಳಿ ನೇರ ಎದುರಿನಿಂದಲೇ ಬಂದರೆ ಅದು ಕೋಆರ್ಡಿನೇಟೆಡ್ ಫ್ಲೈಟ್. ಪಕ್ಕದಿಂದ ಬಡಿದರೆ ಸ್ಲಿಪ್ ಅಥವಾ ಸ್ಕಿಡ್. ಇದನ್ನು ತಿಳಿಸುವುದು ಪ್ಯಾನೆಲ್‌ನ ಬಾಲ್: ದ್ರವ ತುಂಬಿದ ಬಾಗುಗೊಳವೆಯೊಳಗಿನ ಒಂದು ಗುಂಡು. ಅದು ಬಲಕ್ಕೆ ಸರಿದರೆ ರಡರ್‌ನ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕದ) ಬಲ ಪೆಡಲ್ ಒತ್ತಬೇಕು, ಎಡಕ್ಕೆ ಸರಿದರೆ ಎಡ ಪೆಡಲ್.

ವಿಮಾನವನ್ನು ತಿರುಗಿಸುವುದು ವಾಲಿದ ರೆಕ್ಕೆಯ ಲಿಫ್ಟ್, ಅಂದರೆ ಎತ್ತುವ ಬಲ. ರಡರ್‌ನ ಕೆಲಸ ಮೂತಿಯನ್ನು ಹದ್ದುಬಸ್ತಿನಲ್ಲಿಡುವುದು. ಸ್ಟಿಕ್ಕನ್ನು (ಕೈಯ ನಿಯಂತ್ರಣ ಕೋಲನ್ನು) ಎಡಕ್ಕೆ ತಳ್ಳಿದಾಗ ಬಲ ರೆಕ್ಕೆಯ ಏಲೆರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಫಲಕ) ಕೆಳಗಿಳಿದು ಅಲ್ಲಿ ಲಿಫ್ಟ್ ಹೆಚ್ಚುತ್ತದೆ, ಅದರೊಂದಿಗೆ ಡ್ರ್ಯಾಗ್ (ಗಾಳಿಯ ತಡೆ) ಕೂಡ. ಹಾಗಾಗಿ ವಿಮಾನ ಎಡಕ್ಕೆ ವಾಲುತ್ತಿದ್ದರೂ ಮೂತಿ ಬಲಕ್ಕೆ ಜಗ್ಗುತ್ತದೆ. ಇದೇ ಅಡ್ವರ್ಸ್ ಯಾ. ವೇಗ ಕಡಿಮೆಯಾಗಿ ಎದುರುಗಾಳಿಗೆ ರೆಕ್ಕೆಯ ಕೋನ ಹೆಚ್ಚಿದಷ್ಟೂ ಇದರ ಕಾಟ ಜಾಸ್ತಿ. ಸ್ಟಿಕ್ ಹೋದ ಕಡೆಗೇ, ಅದೇ ಕ್ಷಣದಲ್ಲಿ ಪೆಡಲ್ ಒತ್ತುವುದು ಇದಕ್ಕೆ ಪರಿಹಾರ.

ಕಸರತ್ತಿನಲ್ಲಿ ಕಾಲಿಗೆ ಹೆಚ್ಚು ಕೆಲಸ ಕೊಡುವುದು ಮಾತ್ರ ಪ್ರೊಪೆಲ್ಲರ್. ಕಾಕ್‌ಪಿಟ್‌ನಿಂದ ನೋಡಿದಾಗ ಅದು ಪ್ರದಕ್ಷಿಣವಾಗಿ ತಿರುಗುವುದಾದರೆ ಹೆಚ್ಚು ಪವರ್, ಕಡಿಮೆ ವೇಗದಲ್ಲಿ ಮೂತಿ ಎಡಕ್ಕೆ ಹೋಗುತ್ತದೆ. (ಸೋವಿಯತ್ ವಿನ್ಯಾಸದ ತರಬೇತಿ ವಿಮಾನ ಯಾಕ್-52ರಲ್ಲಿ ಪ್ರೊಪೆಲ್ಲರ್ ಉಲ್ಟಾ, ಕಾಲೂ ಉಲ್ಟಾ.) ಲೂಪ್ (ಮೇಲೇರಿ, ತಲೆಕೆಳಗಾಗಿ, ಇಳಿದು ಪೂರ್ತಿ ವೃತ್ತ ಹಾಕುವ ಕಸರತ್ತು) ಶುರುವಿನಲ್ಲಿ ವೇಗ ಚೆನ್ನಾಗಿರುವುದರಿಂದ ರಡರ್ ಅಷ್ಟಾಗಿ ಬೇಡ, ಸ್ಟಿಕ್ಕನ್ನು ಜೋರಾಗಿ ಎಳೆದರೆ ಗೈರೋ ಪರಿಣಾಮದಿಂದ (ತಿರುಗುವ ಪ್ರೊಪೆಲ್ಲರ್‌ನ ಅಕ್ಷ ಬಾಗಿದಾಗ ಅದು ಅಡ್ಡಕ್ಕೆ ತಳ್ಳುವುದರಿಂದ) ಮೂತಿ ತುಸು ಬಲಕ್ಕೇ ಹೋಗಬಹುದು. ಮೇಲೇರುತ್ತ ವೇಗ ಇಳಿದಂತೆ ಬಲ ಪೆಡಲ್ಲನ್ನು ಹಂತಹಂತವಾಗಿ ಹೆಚ್ಚಿಸಬೇಕು. ನೆತ್ತಿಯಲ್ಲಿ ಅದು ಅತಿ ಹೆಚ್ಚು. ಇಳಿಯುವಾಗ ವೇಗ ಕೂಡಿದಂತೆ ಕಾಲು ಸಡಿಲಿಸಬೇಕು, ಇಲ್ಲವಾದರೆ ಅದೇ ಪೆಡಲ್ ಮೂತಿಯನ್ನು ಬಲಕ್ಕೆ ಕೆಡಿಸುತ್ತದೆ. ನೆಲದ ಮೇಲಿನ ಒಂದು ನೇರ ರಸ್ತೆಯನ್ನು ಗುರುತಿಟ್ಟುಕೊಂಡರೆ ತಪ್ಪು ತಕ್ಷಣ ಕಾಣುತ್ತದೆ: ಬಲ ಪೆಡಲ್ ಸಾಲದಿದ್ದರೆ ಲೂಪ್ ಮುಗಿಯುವಷ್ಟರಲ್ಲಿ ಮೂತಿ ರಸ್ತೆಯ ನೇರದಿಂದ ಸರಿದಿರುತ್ತದೆ. ಅದನ್ನು ಏಲೆರಾನ್‌ನಿಂದ ಸರಿಪಡಿಸಲು ಹೋಗುವುದು ಹೊಸಬರ ಮಾಮೂಲಿ ಎಡವಟ್ಟು.

ಎಲ್ಲ ಕಸರತ್ತಿನಲ್ಲೂ ಬಾಲ್ ನಡುವೆಯೇ ಇರಬೇಕೆಂದಿಲ್ಲ. ಬ್ಯಾರಲ್ ರೋಲ್‌ನಲ್ಲಿ (ಸುರುಳಿಯಾಗಿ ಸಾಗುತ್ತ ಉರುಳುವುದು) ಇರಬೇಕು. ಸ್ಲೋ ರೋಲ್‌ನಲ್ಲಿ (ನೇರ ಸಾಗುತ್ತಲೇ ನಿಧಾನವಾಗಿ ಉರುಳುವುದು) ಬೇಕೆಂದೇ ಸ್ಲಿಪ್ ಮಾಡುತ್ತಾರೆ: ಎಡಕ್ಕೆ ಉರುಳುವಾಗ ಮೊದಲು ಕ್ಷಣಕಾಲ ಎಡ ಪೆಡಲ್, 90 ಡಿಗ್ರಿ ಹತ್ತಿರವಾದಂತೆ ಮೂತಿ ಬೀಳದಂತೆ ಬಲ ಪೆಡಲ್, ತಲೆಕೆಳಗಾದಾಗ ಸ್ಟಿಕ್ ಮುಂದಕ್ಕೆ, 270ರ ಹೊತ್ತಿಗೆ ಎಡ ಪೆಡಲ್. ಇನ್ನು ತಲೆಕೆಳಗಾಗಿ ಹಾರುತ್ತ ತಿರುಗುವಾಗ ಲೆಕ್ಕವೇ ತಿರುವುಮುರುವು. ಸ್ಟಿಕ್ ಎಡಕ್ಕಾದರೆ ಪೆಡಲ್ ಬಲಕ್ಕೆ. ಋಣ ಜಿಯಲ್ಲಿ (ಪೈಲಟ್ ಸೀಟಿನಿಂದ ಮೇಲೆದ್ದು ಪಟ್ಟಿಗೆ ನೇತುಬಿದ್ದಂತಾಗುವ ಸ್ಥಿತಿಯಲ್ಲಿ) ಮಾಮೂಲಿ ಬಾಲ್ ಕೊಳವೆಯ ತುದಿಗೆ ಹೋಗಿ ಕೂರುವುದರಿಂದ ಅದನ್ನು ನಂಬುವಂತಿಲ್ಲ.

ನಿಜವಾದ ಅಪಾಯ ಲೂಪಿನ ನೆತ್ತಿಯಲ್ಲಿದೆ. ವೇಗ ಕಡಿಮೆ, ಬಾಲ್ ಹೊರಗೆ, ಮೇಲಾಗಿ ಸ್ಟಿಕ್ಕನ್ನು ಬಲವಾಗಿ ಎಳೆದರೆ ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ (ಲಿಫ್ಟ್ ಕಳೆದುಕೊಂಡು) ವಿಮಾನ ಸ್ಪಿನ್‌ಗೆ, ಅಂದರೆ ಸುತ್ತುತ್ತ ಕೆಳಗಿಳಿಯುವ ಸ್ಥಿತಿಗೆ, ಬೀಳುತ್ತದೆ. ಫ್ಲಿಕ್ ರೋಲ್‌ನಲ್ಲಿ (ಸ್ಟಾಲ್ ಮಾಡಿ ಥಟ್ಟನೆ ಉರುಳಿಸುವುದು) ಬೇಕೆಂದೇ ಮಾಡುವುದೂ ಇದನ್ನೇ, ಅಲ್ಲಿ ಪೂರ್ತಿ ರಡರ್ ಹಾಕಿ ಮಾಡುತ್ತಾರೆ. ಸ್ಪಿನ್‌ನಿಂದ ಹೊರಬರಲು ಸಾಮಾನ್ಯ ಕ್ರಮ: ಥ್ರಾಟಲ್ ಪೂರ್ತಿ ಹಿಂದಕ್ಕೆ, ಏಲೆರಾನ್ ನಡುವೆ, ಸುತ್ತುತ್ತಿರುವ ದಿಕ್ಕಿಗೆ ವಿರುದ್ಧ ಪೂರ್ತಿ ರಡರ್, ಆಮೇಲೆ ಸ್ಟಿಕ್ ಮುಂದಕ್ಕೆ. ಆಯಾ ವಿಮಾನದ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಸುತ್ತು ನಿಂತ ಕೂಡಲೇ ಎರಡೂ ಪೆಡಲ್ ಸಮಕ್ಕೆ ತರಬೇಕು. ರಡರ್ ಹಾಗೇ ಒತ್ತಿಟ್ಟು ಸ್ಟಿಕ್ ಎಳೆದರೆ ವಿಮಾನ ಎದುರು ದಿಕ್ಕಿನ ಸ್ಪಿನ್‌ಗೆ ಹೊರಳುತ್ತದೆ.