ಹಳಿ ಕಿತ್ತ ಜಾಗದಲ್ಲಿ 240 ಕಿಲೋಮೀಟರ್ ದಾರಿ: ಗ್ರೇಟ್ ಅಲೆಗೇನಿ ಪ್ಯಾಸೇಜ್ ಬಗ್ಗೆ ಅಧ್ಯಯನ ಟಿಪ್ಪಣಿ

ಪ್ರಾದೇಶಿಕ ಯೋಜನೆ ಓದುವಾಗ ‘ಸಮುದಾಯದ ಸಹಭಾಗಿತ್ವ’ ಅನ್ನೋ ಮಾತು ಪುಟಕ್ಕೊಮ್ಮೆ ಬರುತ್ತದೆ. ಯಾರು ಯಾವ ಕೆಲಸ ಹೊತ್ತುಕೊಂಡರು ಅಂತ ಗೊತ್ತಾಗದಿದ್ದರೆ ಆ ಮಾತು ತಲೆಯಲ್ಲಿ ನಿಲ್ಲುವುದೇ ಇಲ್ಲ. ನನಗೆ ಅದು ಅರ್ಥವಾದದ್ದು ಈ ಒಂದು ದಾರಿಯಿಂದ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಇದು ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್‌ಗೆ ಹೋಗುವ ನಡಿಗೆ ಮತ್ತು ಸೈಕಲ್ ದಾರಿ. ಉದ್ದ 150 ಮೈಲಿ, ಅಂದರೆ ಸುಮಾರು 240 ಕಿ.ಮೀ. ಕಂಬರ್‌ಲ್ಯಾಂಡ್‌ನಲ್ಲಿ ಹಳೆಯ ಚೆಸಪೀಕ್ ಅಂಡ್ ಒಹಾಯೋ ಕಾಲುವೆಯ ದಂಡೆ ಸಿಗುತ್ತದೆ, ಅದನ್ನೇ ಹಿಡಿದು ಹೋದರೆ ವಾಷಿಂಗ್ಟನ್ ಡಿ.ಸಿ. ತಲುಪಬಹುದು. ದಾರಿಯ ಹೆಚ್ಚಿನ ಭಾಗ ರೈಲು ಓಡಾಡುತ್ತಿದ್ದ ಜಾಗ. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಅದನ್ನು ಕಟ್ಟಿದವರು ಬೆಟ್ಟದಲ್ಲೂ ಸೌಮ್ಯವಾದ ಇಳಿಜಾರು ಬಿಟ್ಟುಹೋಗಿದ್ದಾರೆ. ದಾರಿ 2,392 ಅಡಿ ಎತ್ತರ ಮುಟ್ಟಿದರೂ ಮಕ್ಕಳು, ವಯಸ್ಸಾದವರು ಸೈಕಲ್ ತುಳಿಯಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಟ್ಟದ ಕಡೆಯ ವೆಸ್ಟರ್ನ್ ಮೇರಿಲ್ಯಾಂಡ್ ರೈಲು ಮಾರ್ಗ 1975ರಲ್ಲಿ ಮುಚ್ಚಿತು. ರೈಲು ನಿಂತ ಜಾಗ ಬೇಗ ಚೂರುಚೂರಾಗುತ್ತದೆ, ಒಬ್ಬರಿಗೆ ಇಷ್ಟು, ಇನ್ನೊಬ್ಬರಿಗೆ ಅಷ್ಟು ಅಂತ ಮಾರಾಟವಾದರೆ ಮತ್ತೆ ಜೋಡಿಸುವುದು ಬಹಳ ಕಷ್ಟ. ಇಲ್ಲಿ ವೆಸ್ಟರ್ನ್ ಪೆನ್ಸಿಲ್ವೇನಿಯಾ ಕನ್ಸರ್ವೆನ್ಸಿ ಎಂಬ ಸಂಸ್ಥೆ ಮುಂದೆ ಬಂದು ಒಂದು ದೊಡ್ಡ ಭಾಗವನ್ನು ಕೊಂಡು ಉಳಿಸಿತು. 1986ರಲ್ಲಿ ಒಹಾಯೋಪೈಲ್ ಎಂಬ ಊರಿನಲ್ಲಿ ಮೊದಲ 9 ಮೈಲಿ ತೆರೆಯಿತು. ಅಲ್ಲಿ ಆಗಲೇ ರಾಜ್ಯ ಉದ್ಯಾನವಿತ್ತು, ಹೊಳೆಯಲ್ಲಿ ರಾಫ್ಟಿಂಗ್‌ಗೆ ಜನ ಬರುತ್ತಿದ್ದರು. ನನ್ನ ಪ್ರಕಾರ ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಕಾಗದದ ಮೇಲಿನ ನಕ್ಷೆ ಎಷ್ಟು ತೋರಿಸಿದರೂ ಪಕ್ಕದ ಊರಿನವರು ಒಪ್ಪುವುದು ಕಷ್ಟ, ತಾವೇ ಹೋಗಿ ಸೈಕಲ್ ತುಳಿದು ಬಂದರೆ ಮಾತೇ ಬೇರೆ, ಅಲ್ವಾ?

ಆಮೇಲೆ ಬೇರೆ ಬೇರೆ ಕಡೆ ಗುಂಪುಗಳು ಹುಟ್ಟಿದವು. ಪ್ರತಿ ಗುಂಪಿಗೂ ತನ್ನದೇ ತುಂಡು, ತನ್ನದೇ ಹೆಸರು. ಯಾಕಿಯೊಗೇನಿ ಹೊಳೆಯ ಪಕ್ಕದ ಭಾಗಕ್ಕೆ ಒಂದು ಹೆಸರು, ಬೆಟ್ಟದ ಭಾಗಕ್ಕೆ ಅಲೆಗೇನಿ ಹೈಲ್ಯಾಂಡ್ಸ್ ಟ್ರೇಲ್ ಅಂತ ಇನ್ನೊಂದು. 1995ರಲ್ಲಿ ಏಳು ಗುಂಪುಗಳು ಸೇರಿ ಅಲೆಗೇನಿ ಟ್ರೇಲ್ ಅಲಯನ್ಸ್ ಎಂಬ ಒಕ್ಕೂಟ ಮಾಡಿಕೊಂಡವು. ಇಲ್ಲಿ ಸ್ವಲ್ಪ ನಿಲ್ಲಿ, ಪಾಠವಿರುವುದು ಇಲ್ಲೇ. ಒಕ್ಕೂಟ ಬಂತು ಅಂತ ಗುಂಪುಗಳು ಮಾಯವಾಗಲಿಲ್ಲ. ಊರಿನ ಜಮೀನುದಾರರ ಜೊತೆ ಮಾತು, ತಮ್ಮ ತುಂಡಿನ ದುರಸ್ತಿ, ಇವೆಲ್ಲ ಊರಿನವರ ಕೈಯಲ್ಲೇ ಉಳಿದವು. ಒಂದೇ ಗುಂಪಿಗೆ ಸಾಧ್ಯವಾಗದ್ದು ಮಾತ್ರ ಒಕ್ಕೂಟಕ್ಕೆ ಹೋಯಿತು: ದೊಡ್ಡ ಸೇತುವೆ ಸುರಂಗಗಳಿಗೆ ಹಣ ಹುಡುಕುವುದು, ಇಡೀ ದಾರಿಗೆ ಒಂದೇ ನಕ್ಷೆ, ಒಂದೇ ಹೆಸರು.

ಕೊನೆಯ ತುಂಡು ಪಿಟ್ಸ್‌ಬರ್ಗ್ ಹತ್ತಿರ, ಸ್ಯಾಂಡ್‌ಕ್ಯಾಸಲ್ ವಾಟರ್ ಪಾರ್ಕ್ ಪಕ್ಕದಲ್ಲಿತ್ತು. ಅದು ಮುಗಿದದ್ದು 2013ರ ಜೂನ್‌ನಲ್ಲಿ. ಮೊದಲ 9 ಮೈಲಿ ತೆರೆದು ಆಗಲೇ 27 ವರ್ಷ! ಸಹಭಾಗಿತ್ವ ಅಂದರೆ ನಾಲ್ಕು ಸಭೆ ಅಂದುಕೊಂಡವರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ದಾರಿ ಉಳಿಯಬೇಕಾದರೆ ಅದರಿಂದ ಊರಿಗೆ ಏನಾದರೂ ಸಿಗಬೇಕು. ಕಲ್ಲಿದ್ದಲು, ಉಕ್ಕು, ರೈಲು ಕೈಬಿಟ್ಟ ಊರುಗಳು ಇವು. 2007ರಲ್ಲಿ ‘ಟ್ರೇಲ್ ಟೌನ್’ ಎಂಬ ಕಾರ್ಯಕ್ರಮ ಶುರುವಾಯಿತು. ಕಾನ್‌ಫ್ಲುಯೆನ್ಸ್, ರಾಕ್‌ವುಡ್, ಮೇಯರ್ಸ್‌ಡೇಲ್‌ನಂಥ ಊರುಗಳಲ್ಲಿ ಸೈಕಲ್ ರಿಪೇರಿ ಅಂಗಡಿ, ಹೋಟೆಲ್, ತಂಗುವ ಮನೆ ನಡೆಸುವವರಿಗೆ ಸಾಲ, ಸಲಹೆ ಕೊಡುವುದು ಅದರ ಕೆಲಸ. ಸೈಕಲ್ಲಿನವರು ದಾರಿ ಬಿಟ್ಟು ಊರೊಳಗೆ ಬಂದು ಊಟ ಮಾಡಬೇಕು, ರಾತ್ರಿ ಉಳಿಯಬೇಕು, ಇಲ್ಲದಿದ್ದರೆ ಊರಿಗೆ ಆ ದಾರಿ ಸುಮ್ನೆ ಹಿತ್ತಲಲ್ಲಿ ಹಾದುಹೋದಂತೆ.

ಇನ್ನು ನಿರ್ವಹಣೆ. ಉದ್ಘಾಟನೆಗೆ ಹಣ ಕೊಡುವವರು ಜಾಸ್ತಿ, ಚರಂಡಿ ಬಿಡಿಸಲು ಕೊಡುವವರು ಕಡಿಮೆ. ಮೇಲ್ಮೈ ಬಹುತೇಕ ಸುಣ್ಣಕಲ್ಲಿನ ಪುಡಿಜಲ್ಲಿ. ಮೋರಿಯಲ್ಲಿ ಕಸ ತುಂಬಿಕೊಂಡರೆ ನೀರು ದಾರಿಯ ಮೇಲೇ ಹರಿದು ಜಲ್ಲಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಬಿದ್ದ ಮರ ಕಡಿಯುವುದು, ಹುಲ್ಲು ಕತ್ತರಿಸುವುದು, ಇದರಲ್ಲಿ ಬಹಳಷ್ಟು ಸ್ವಯಂಸೇವಕರ ಕೆಲಸ. ಬಿಗ್ ಸ್ಯಾವೇಜ್ ಸುರಂಗವಂತೂ ಸುಮಾರು 1 ಕಿ.ಮೀ. ಉದ್ದ, ಒಳಗೆ ನೀರು ಜಿನುಗುತ್ತದೆ, ಆ ನೀರು ಚಳಿಗೆ ಹೆಪ್ಪುಗಟ್ಟಿದರೆ ಗೋಡೆಯೇ ಒಡೆಯಬಹುದು. ಅದಕ್ಕೇ ಪ್ರತಿ ಚಳಿಗಾಲ ಅದರ ಎರಡೂ ಬಾಯಿಗೆ ಬಾಗಿಲು ಹಾಕುತ್ತಾರೆ, ವಸಂತ ಬಂದ ಮೇಲೆ ಮತ್ತೆ ತೆರೆಯುತ್ತಾರೆ.