ಹತ್ತರಿಂದ ನಾಲ್ಕೂವರೆಯ ಕಟ್ಟಡ

ಗದಗ-ಧಾರವಾಡ ಸೀಮೆಯ ನರಗುಂದ, ರೋಣ, ನವಲಗುಂದದ ಕಡೆ ಮಾರ್ಚ್ ತಿಂಗಳ ಮಧ್ಯಾಹ್ನ ಮೂರಕ್ಕೆ ಆರ್‌ಸಿಸಿ ಹಾಕಿದ ಶಾಲಾ ಕೋಣೆಯೊಳಗೆ ಹೋಗಿ ನೋಡಿ. ಹೊರಗಿನ ಬೇವಿನ ನೆರಳಿಗಿಂತ ಒಳಗೇ ಧಗೆ ಜಾಸ್ತಿ. ಕಾರಣ ತಲೆಯ ಮೇಲೇ ಇದೆ. ನಾಲ್ಕೈದು ಇಂಚಿನ ಬೋಳು ಸ್ಲ್ಯಾಬ್ ಮೇಲೆ ಬಿದ್ದ ಬಿಸಿಲಿನಲ್ಲಿ ಮೂರನೇ ಎರಡು ಪಾಲನ್ನು ಕಾಂಕ್ರೀಟೇ ಹೀರುತ್ತದೆ. ನಡುಮಧ್ಯಾಹ್ನಕ್ಕೆ ಅದರ ಮೈ 55-60 ಡಿಗ್ರಿ ಮುಟ್ಟುವುದುಂಟು. ಆ ಬಿಸಿ ಒಳಮೈಗೆ ಇಳಿಯಲು ಎರಡು-ಮೂರು ತಾಸು ಬೇಕು. ಸರಿಯಾಗಿ ಕೊನೆಯ ಎರಡು ಪಿರಿಯಡ್‌ಗಳ ಹೊತ್ತು! ಸಾಲದ್ದಕ್ಕೆ, ಸುಮ್ನೆ ಕೂತ ಒಂದು ಮಗುವಿನ ಮೈಯಿಂದಲೂ ಸುಮಾರು 70 ವ್ಯಾಟ್ ಶಾಖ ಹೊರಡುತ್ತದೆ. ನಲವತ್ತು ಮಕ್ಕಳಿದ್ದರೆ ದೊಡ್ಡ ರೂಮ್ ಹೀಟರ್ ಹಚ್ಚಿಟ್ಟ ಹಾಗೆ.

ಪರಿಸರಸ್ನೇಹಿ ಶಾಲೆ ಎಂದರೆ ಎಲ್ಲರೂ ಮೊದಲು ಸೋಲಾರ್ ಪ್ಯಾನೆಲ್ ಮಾತಾಡುತ್ತಾರೆ. ಆದರೆ ಎಸಿ ಇಲ್ಲದ ಹಳ್ಳಿಯ ಶಾಲೆ ಸುಡುವ ಕರೆಂಟಾದರೂ ಎಷ್ಟು? ಒಂದಿಷ್ಟು ಫ್ಯಾನು, ಟ್ಯೂಬ್‌ಲೈಟು, ಒಂದು ಕಂಪ್ಯೂಟರ್. 75 ವ್ಯಾಟಿನ ಹಳೆ ಫ್ಯಾನಿನ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನು ಬಂದರೆ ಅಲ್ಲಿಯ ಉಳಿತಾಯ ಬಹುಪಾಲು ಮುಗಿಯಿತು. ನನ್ನ ಲೆಕ್ಕದಲ್ಲಿ ಮೊದಲ ರೂಪಾಯಿ ಖರ್ಚಾಗಬೇಕಾದದ್ದು ಚಾವಣಿಗೆ.

ಶಾಲೆ ನಡೆಯುವುದು ಬೆಳಗಿನಿಂದ ನಾಲ್ಕೂವರೆಯವರೆಗೆ. ರಾತ್ರಿ ಅಲ್ಲಿ ಯಾರೂ ಮಲಗುವುದಿಲ್ಲ. ನಮ್ಮ ಹಳೆಯ ಮೇಲ್ಮುದ್ದೆ ಮನೆಗಳ ಮಣ್ಣಿನ ಮಾಳಿಗೆ, ದಪ್ಪ ಗೋಡೆ ದಾಟಲು ಬಿಸಿಲಿಗೆ ಎಂಟು-ಹತ್ತು ತಾಸಾದರೂ ಹಿಡಿಯುತ್ತದೆ. ಹಗಲು ತಂಪು, ರಾತ್ರಿ ಧಗೆ. ಅದಕ್ಕೇ ಮನೆಮಂದಿ ಬೇಸಿಗೆಯಲ್ಲಿ ಹೊರಗೆ ಹಾಸಿಗೆ ಹಾಸುತ್ತಿದ್ದರು. ಮನೆಗೆ ಇದು ಅರ್ಧ ಲಾಭ, ಶಾಲೆಗೆ ಪೂರ್ತಿ ಲಾಭ. ಚಾವಣಿಯ ಕೆಳಗೆ ಎದುರುಬದುರು ಜಾಳಿಗೆ ಕಿಂಡಿ ಬಿಟ್ಟರೆ ರಾತ್ರಿಯ ಗಾಳಿ ಉಳಿದ ಬಿಸಿಯನ್ನೂ ಒಯ್ಯುತ್ತದೆ.

ಈಗ ಮಣ್ಣಿನ ಮಾಳಿಗೆ ಯಾರೂ ಹಾಕಲಾರರು, ಸರಿ. ಇದ್ದ ಸ್ಲ್ಯಾಬಿಗೆ ಸುಣ್ಣ ಬಳಿಯಬಹುದಲ್ವಾ? ಹೊಸ ಸುಣ್ಣ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ವಾಪಸ್ ಕಳಿಸುತ್ತದೆ, ಒಳಗೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಮಳೆಗೆ ತೊಳೆದುಹೋಗುವುದರಿಂದ ವರ್ಷವರ್ಷ ಬಳಿಯಬೇಕು, ಅದೂ ಫೆಬ್ರವರಿಯಲ್ಲಿ. ನಾವು ಬಳಿಯುವುದು ಆಗಸ್ಟ್ ಹದಿನೈದಕ್ಕೆ, ಅದೂ ಕಾಣುವ ಗೋಡೆಗೆ! ಒಡೆದ ಬಿಳಿ ಟೈಲ್ಸ್ ಹಚ್ಚಿದರೆ ಈ ರಗಳೆ ಇಲ್ಲ.

ಹೊಸ ಕೋಣೆ ಕಟ್ಟುವುದಾದರೆ ಉದ್ದದ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖ ಮಾಡಲಿ. ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ಹತ್ತರ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆತ್ತಿಯ ಬಿಸಿಲನ್ನು ಎರಡಡಿಯ ಸಜ್ಜಾ ತಡೆಯುತ್ತದೆ. ಪಡುವಣದ ಇಳಿಬಿಸಿಲು ಮಾತ್ರ ಯಾವ ಸಜ್ಜಾಕ್ಕೂ ಬಗ್ಗದು, ಅದಕ್ಕೆ ಮರವೇ ಬೇಕು.

ಮರ ಎಲ್ಲಿ ನೆಡಬೇಕು ಎಂಬುದಕ್ಕೆ ಇಲ್ಲೊಂದು ತೊಡಕಿದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇರು ತೇವ ಹೀರಿದಲ್ಲಿ ನೆಲ ಇನ್ನಷ್ಟು ಕುಸಿದು ಗೋಡೆ ಸೀಳುತ್ತದೆ. ಆದ್ದರಿಂದ ಬೇವು, ಹೊಂಗೆಯನ್ನು ಬೆಳೆದ ಮರದ ಎತ್ತರದಷ್ಟು ದೂರ ನೆಡುವುದು ಕ್ಷೇಮ. ಮಳೆನೀರು ಬುಡದಲ್ಲಿ ನಿಲ್ಲದಂತೆ ಗೋಡೆಯ ಸುತ್ತ ಇಳಿಜಾರಾಗಿ ಬಂಡೆ ಹಾಸಬೇಕು. ಒಂದು ಟನ್ ಸಿಮೆಂಟ್ ತಯಾರಾಗುವಾಗ ಅರ್ಧ ಟನ್ನಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಬಿರುಕು ಬಿಟ್ಟು ಮತ್ತೆ ಕಟ್ಟುವ ಕೋಣೆಗೆ ಎಷ್ಟು ಸೋಲಾರ್ ಹಚ್ಚಿದರೂ ಆ ಲೆಕ್ಕ ಚುಕ್ತಾ ಆಗುವುದಿಲ್ಲ.

ಇನ್ನು ನೀರು. ಗದಗ ಜಿಲ್ಲೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಮಕ್ಕಳ ಹಲ್ಲಿನ ಕಂದು ಕಲೆ ಅದರ ಗುರುತು. ಮಳೆನೀರಿನಲ್ಲಿ ಈ ಕಾಟವಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದುಕೊಂಡರೆ, 100 ಚದರ ಮೀಟರ್ ಚಾವಣಿಯಿಂದ ಸೋರಿಕೆ ಕಳೆದು 48 ಸಾವಿರ ಲೀಟರ್ ಸಿಗುತ್ತದೆ. ನೂರು ಮಕ್ಕಳಿಗೆ ದಿನಕ್ಕೆ ಎರಡು ಲೀಟರಿನಂತೆ 220 ದಿನಕ್ಕೆ ಬೇಕಾದದ್ದು 44 ಸಾವಿರ. ಕುದಿಸಿ ಅಥವಾ ಶುದ್ಧ ಮಾಡಿ ಕುಡಿಯಲು ಸಾಕು, ಶೌಚಾಲಯಕ್ಕೆ ಬೋರ್‌ವೆಲ್ ನೀರೇ ಇರಲಿ.

ಇದೇನು ಹೊಸ ಐಡಿಯಾ ಅಲ್ಲ. ಸುವರ್ಣ ಕರ್ನಾಟಕದ ಹೊತ್ತಿನಲ್ಲಿ ಸುವರ್ಣ ಜಲ ಎಂಬ ಯೋಜನೆಯಡಿ ರಾಜ್ಯದ ಸಾವಿರಾರು ಹಳ್ಳಿ ಶಾಲೆಗಳಿಗೆ ಮಳೆನೀರಿನ ಟಾಕಿ ಬಂದವು. ನಿರ್ವಹಣೆ ಇಲ್ಲದೆ ಬಹಳಷ್ಟು ಮೂಲೆ ಸೇರಿದವು. ಕ್ಯಾಲೆಂಡರ್ ನೋಡಿದರೆ ಒಂದು ಕಾರಣ ಸಿಗುತ್ತದೆ. ಬೇವಿನ ಎಲೆ, ಹಕ್ಕಿಯ ಹಿಕ್ಕೆ ಚಾವಣಿಯ ಮೇಲೆ ತುಂಬುವುದು ಏಪ್ರಿಲ್-ಮೇ ರಜೆಯಲ್ಲಿ. ಮೊದಲ ಗುಡುಗುಮಳೆ ಬೀಳುವುದೂ ಆಗಲೇ. ಶಾಲೆಗೆ ಬೀಗ, ಆ ಹೊಲಸೆಲ್ಲ ನೇರ ಟಾಕಿಗೆ. ಮೊದಲ ಮಳೆಯನ್ನು ಹೊರಕ್ಕೆ ಬಿಡುವ ಪೈಪಿನ ಮುಚ್ಚಳ ತೆಗೆಯಲೂ ಅಲ್ಲಿ ಯಾರೂ ಇರುವುದಿಲ್ಲ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು) ಊರಿನಲ್ಲೇ ಇರುವ ಒಬ್ಬರಿಗೆ ಕೂಲಿ ಗೊತ್ತುಮಾಡಿ ಮಾಳಿಗೆಯ ಬೀಗದ ಕೈ ಕೊಟ್ಟು ಹೋಗಬೇಕು. ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ 25ರೊಳಗೆ, ಚಾವಣಿ ಗುಡಿಸಿ ಆಗಿರಬೇಕು.